ತಂಗಿಯ ಬೆಸುಗೆ, ನನ್ನ ಹೊಟ್ಟೆಕಿಚ್ಚು

ಎರಡು ವರ್ಷದ ಹಿಂದೆ ಒಂದು ಭಾನುವಾರ ನನ್ನ ತಂಗಿ ಹಳೆಯ ಟವೆಲಿನಲ್ಲಿ ಒಂದು ಸರ್ಕ್ಯೂಟ್ ಬೋರ್ಡನ್ನು ಸುತ್ತಿಕೊಂಡು ನಮ್ಮ ಮನೆಗೆ ಬಂದಳು. ಅವಳೇ ಯೋಚಿಸಿ, ಅವಳೇ ಬೆಸೆದ ಬೋರ್ಡು. ಅದರಲ್ಲೊಂದು ತೊಂದರೆ ಕಾಣಿಸಿಕೊಂಡಿತ್ತು. ಯಾಕೆ ಹೀಗಾಗುತ್ತಿದೆ ಎಂದು ಕೇಳಿದಳು. ನೋಡಿದ ಎರಡು ನಿಮಿಷಕ್ಕೆ ನನಗೆ ಕಾರಣ ಹೊಳೆಯಿತು. ಆದರೂ ಗೊತ್ತಾಗುತ್ತಿಲ್ಲ ಎಂದೆ. ಆ ಸುಳ್ಳು ನನ್ನ ಬಾಯಿಗೆ ಹೇಗೆ ಬಂತು ಎಂದು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಶುರುಮಾಡಬೇಕು.

ನಾನು ಹೊಸೂರಿನ ಹತ್ತಿರ ಒಂದು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಮೇಷ್ಟ್ರು. ಮನೆ ಅವಲಪಲ್ಲಿಯಲ್ಲಿ. ಹೆಂಡತಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ಅಮ್ಮ ನಮ್ಮ ಜೊತೆಯಲ್ಲೇ ಇದ್ದಾಳೆ. ಮನೆ ಕಟ್ಟಿಸುವಾಗ ಮೇಲೊಂದು ಸಣ್ಣ ರೂಮನ್ನು ನನ್ನ ಹವ್ಯಾಸಕ್ಕೆಂದೇ ಉಳಿಸಿಕೊಂಡೆ. ಉದ್ದನೆಯ ಮೇಜು, ಅದರ ಮೇಲೆ ಬಗ್ಗಿಸಬಹುದಾದ ದೀಪ, ಬಿಸಿ ಎಷ್ಟೆಂದು ಅಂಕಿಯಲ್ಲಿ ತೋರಿಸುವ ಬೆಸುಗೆ ಕಡ್ಡಿ, ಗೋಡೆಗೆ ನಲವತ್ತು ಪುಟ್ಟ ಡ್ರಾಯರುಗಳ ಒಂದು ಪೆಟ್ಟಿಗೆ. ಪ್ರತಿ ಡ್ರಾಯರಿಗೂ ಚೀಟಿ ಅಂಟಿಸಿದ್ದೆ. ಕಾಲೇಜಿನಲ್ಲಿ ಪಾಠ ಮಾಡುವುದು ಹೊಟ್ಟೆಪಾಡು, ಮೇಲಿನ ರೂಮಿನಲ್ಲಿ ಮಾಡುವುದೇ ನಿಜವಾದ ಕೆಲಸ ಎಂದು ನಂಬಿದ್ದೆ. ಒಂದು ಆಂಪ್ಲಿಫೈಯರ್ ಮಾಡಿದೆ, ಒಂದು ಗಡಿಯಾರ ಮಾಡಿದೆ, ಬ್ಯಾಟರಿ ಚಾರ್ಜರ್ ಮಾಡಿದೆ. ಅರ್ಧಕ್ಕೆ ನಿಂತವು ಇವುಗಳಿಗಿಂತ ಹೆಚ್ಚು. ಅವು ಒಂದು ರಟ್ಟಿನ ಡಬ್ಬದಲ್ಲಿ ಇದ್ದವು, ಆ ಡಬ್ಬವನ್ನು ಮೇಜಿನ ಕೆಳಗೆ ತಳ್ಳಿದ್ದೆ.

ತಂಗಿ ನನಗಿಂತ ನಾಲ್ಕು ವರ್ಷ ಚಿಕ್ಕವಳು. ಹನ್ನೆರಡನೇ ತರಗತಿ ಮುಗಿಸಿದಳು, ಮುಂದೆ ಓದಿಸಲಿಲ್ಲ. ಸೂಳಗಿರಿಯಿಂದ ಒಳಗೆ ಹೋದರೆ ಸಿಗುವ ಒಂದು ಹಳ್ಳಿಗೆ ಮದುವೆ ಮಾಡಿ ಕೊಟ್ಟೆವು. ಅವಳ ಗಂಡ ಬೇಸಾಯಗಾರ. ಏಳೆಂಟು ವರ್ಷದಿಂದ ಇಬ್ಬರೂ ಸೇರಿ ತರಕಾರಿ ಸಸಿಗಳ ನರ್ಸರಿ ನಡೆಸುತ್ತಾರೆ. ಹಸಿರು ನೆರಳು ಪರದೆಯ ಕೆಳಗೆ ಸಾಲುಸಾಲಾಗಿ ಪ್ಲಾಸ್ಟಿಕ್ ಟ್ರೇಗಳು. ಒಂದೊಂದು ಟ್ರೇಯಲ್ಲೂ ನೂರರ ಹತ್ತಿರ ಗುಳಿಗಳು, ಗುಳಿಗೊಂದು ಟೊಮೇಟೊ ಸಸಿಯೋ ಕೋಸಿನ ಸಸಿಯೋ. ಬಿಸಿಲು ಏರಿದ ಮೇಲೆ ಅರ್ಧ ಗಂಟೆಗೊಮ್ಮೆ ಕೆಲವೇ ಸೆಕೆಂಡು ಮಂಜಿನಂತೆ ನೀರು ಬೀಳಬೇಕು. ಕಡಿಮೆಯಾದರೆ ಬಾಡುತ್ತವೆ, ಹೆಚ್ಚಾದರೆ ಕಾಂಡ ಕೊಳೆತು ಮಲಗಿಬಿಡುತ್ತವೆ. ಆ ಸಮಯ ನೋಡಿಕೊಳ್ಳಲು ಮೋಟಾರಿನ ಪಕ್ಕದಲ್ಲಿ ಒಂದು ಟೈಮರ್ ಡಬ್ಬಿ ಇತ್ತು.

ಒಂದು ಬೇಸಿಗೆಯಲ್ಲಿ ಆ ಡಬ್ಬಿ ಕೆಟ್ಟಿತು. ಕೃಷ್ಣಗಿರಿಯಿಂದ ಬರಬೇಕಾದ ರಿಪೇರಿಯವನು ಇವತ್ತು ನಾಳೆ ಎನ್ನುತ್ತಾ ವಾರ ಕಳೆದ. ತಂಗಿ ನನಗೆ ಫೋನ್ ಮಾಡಿದಳು. ನನಗೆ ಪರೀಕ್ಷೆಯ ಕೆಲಸ. ಅಮ್ಮನನ್ನು ನೋಡಲು ಬಂದಾಗ ನನ್ನ ಹಳೆಯ ಬೆಸುಗೆ ಕಡ್ಡಿಯನ್ನೂ ಗಾಜು ಬಿರುಕು ಬಿಟ್ಟಿದ್ದ ಒಂದು ಮಲ್ಟಿಮೀಟರನ್ನೂ ಕೊಟ್ಟೆ. ಎರಡೂ ನಾನು ಬಿಸಾಡಬೇಕೆಂದಿದ್ದವು.

"ಮೀಟರ್‌ನ ಈ ಗುರುತಿಗೆ ತಿರುಗಿಸು. ಇದರ ಎರಡು ಕಡ್ಡಿ ಮುಟ್ಟಿಸಿದಾಗ ಕುಂಯ್ ಅಂದರೆ ದಾರಿ ಇದೆ ಅಂತ. ಅನ್ನದಿದ್ದರೆ ಎಲ್ಲೋ ಕಡಿದಿದೆ," ಎಂದೆ.

"ಅಷ್ಟೇನಾ ಅಣ್ಣ?"

"ನಿನಗೆ ಅಷ್ಟು ಸಾಕು ಕಣಮ್ಮ."

ನಿನಗೆ ಅಷ್ಟು ಸಾಕು ಎಂದ ಮಾತು ಆಗ ನನಗೆ ಒಂದಿಷ್ಟೂ ಚುಚ್ಚಲಿಲ್ಲ. ಮಾರನೆಯ ದಿನವೇ ಫೋನ್ ಬಂತು. ಡಬ್ಬಿಯೊಳಗೆ ಒಂದು ಬೆಸುಗೆ ಬಿರುಕು ಬಿಟ್ಟಿತ್ತಂತೆ, ಅದನ್ನು ಮತ್ತೆ ಕರಗಿಸಿ ಕೂರಿಸಿದಳಂತೆ, ಈಗ ನೀರು ಸರಿಯಾಗಿ ಬೀಳುತ್ತಿದೆಯಂತೆ. ನನಗೆ ನಿಜವಾಗಿಯೂ ಸಂತೋಷವಾಯಿತು. ಸ್ಟಾಫ್ ರೂಮಿನಲ್ಲಿ ನಾಲ್ಕು ಜನಕ್ಕೆ ಹೇಳಿಕೊಂಡೆ. ನನ್ನ ಹಳೆಯ ಕಡ್ಡಿಯಿಂದ ನನ್ನ ತಂಗಿ ನನ್ನ ಮಾತು ಕೇಳಿ ರಿಪೇರಿ ಮಾಡಿದಳು ಎಂದೆ. ಆ ವಾಕ್ಯದಲ್ಲಿ 'ನನ್ನ' ಮೂರು ಸಲ ಇತ್ತು.

ಆರೇಳು ತಿಂಗಳು ನಾನು ಅವರ ಊರಿಗೆ ಹೋಗಲಿಲ್ಲ. ಹಬ್ಬಕ್ಕೆಂದು ಹೋದಾಗ ನರ್ಸರಿಯ ಮೂಲೆಯಲ್ಲಿದ್ದ ಗೊಬ್ಬರದ ಕೋಣೆಯಲ್ಲಿ ಒಂದು ಮೇಜು ಹಾಕಿತ್ತು. ಮೇಜಿನ ಮೇಲೆ ಸಸಿಯ ಟ್ರೇ. ಗುಳಿಗಳಲ್ಲಿ ಸಸಿ ಇರಲಿಲ್ಲ. ಒಂದು ಗುಳಿಯಲ್ಲಿ ರೆಸಿಸ್ಟರುಗಳು, ಪಕ್ಕದ್ದರಲ್ಲಿ ಇನ್ನೊಂದು ಅಳತೆಯವು, ಮುಂದಿನ ಸಾಲು ಪೂರ್ತಿ ಕೆಪಾಸಿಟರುಗಳು, ಕೊನೆಯ ಸಾಲಿನಲ್ಲಿ ಸ್ಕ್ರೂ, ವಾಷರು. ಕೆಟ್ಟ ಟಿವಿ, ಸ್ಟೆಬಿಲೈಸರುಗಳಿಂದ ಕಿತ್ತು, ಒಂದೊಂದನ್ನೂ ಅಳೆದು ಹಾಕಿದ್ದಳು. ಬೇಕಾದದ್ದರ ಮೇಲೆ ನೋಡದೆಯೇ ಬೆರಳು ಇಡುತ್ತಿದ್ದಳು. ನನ್ನ ನಲವತ್ತು ಡ್ರಾಯರುಗಳಲ್ಲಿ ಯಾವತ್ತೂ ಮೂರು ತೆಗೆದು ನೋಡದೆ ಒಂದು ವಸ್ತು ಸಿಕ್ಕಿದ್ದಿಲ್ಲ.

ಬೋರ್ಡನ್ನು ಹಿಡಿದುಕೊಳ್ಳಲು ಅವಳು ಒಂದು ಹಲಗೆಗೆ ಬಟ್ಟೆ ಒಣಗಿಸುವ ಕ್ಲಿಪ್ಪುಗಳನ್ನು ಮೊಳೆ ಹೊಡೆದಿದ್ದಳು. ರಿಪೇರಿಯಾದ ಯಾವ ಸಾಮಾನನ್ನೂ ನೇರವಾಗಿ ಕರೆಂಟಿಗೆ ಹಾಕುತ್ತಿರಲಿಲ್ಲ. ನಡುವೆ ಒಂದು ಹಳೇ ಕಾಲದ ತಂತಿಯ ಬಲ್ಬು.

"ಬಲ್ಬು ಪೂರ್ತಿ ಉರುದ್ರೆ ಒಳಗೆ ಶಾರ್ಟ್ ಐತೆ ಅಂತ. ಮಿಣ್ಣಗೆ ಉರುದ್ರೆ ಸರಿ ಐತೆ. ಇದು ಇದ್ರೆ ಯಾವ್ದೂ ಡಬ್ ಅನ್ನಲ್ಲ ಅಣ್ಣ," ಎಂದಳು.

ಈ ಉಪಾಯ ನನಗೂ ಗೊತ್ತಿತ್ತು, ಆದರೆ ಮಾಡಿಕೊಂಡಿರಲಿಲ್ಲ. ಎಷ್ಟು ಫ್ಯೂಸ್ ಸುಟ್ಟಿದ್ದೇನೋ ಲೆಕ್ಕವಿಲ್ಲ.

"ಯಾರು ಹೇಳಿಕೊಟ್ಟರು?"

"ಯೂಟ್ಯೂಬಲ್ಲಿ ಒಬ್ರು ತೆಲುಗಿನೋರು ಯೋಳ್ತಾರೆ. ಟಿವಿ ಮೆಕ್ಯಾನಿಕ್ಕಾಗಿದ್ರಂತೆ. ಬೀಜ ಹಾಕ್ತಾ ಕೇಳಿಸ್ಕೊತೀನಿ."

ಅವಳು ಮಾಡಿದ್ದ ಒಂದು ಬೋರ್ಡನ್ನು ಕೈಗೆ ತೆಗೆದುಕೊಂಡು ಹಿಂದುಗಡೆ ತಿರುಗಿಸಿದೆ. ಬೆಸುಗೆಗಳು ಒಂದೇ ಎತ್ತರ, ಒಂದೇ ಹೊಳಪು, ಪುಟ್ಟ ಗೋಪುರಗಳಂತೆ ನಿಂತಿದ್ದವು. ಬೆಸೆಯುವುದರ ಗುಟ್ಟು ಇಷ್ಟೇ: ಕಡ್ಡಿಯ ತುದಿಯಿಂದ ತಾಮ್ರದ ಬಿಲ್ಲೆಯನ್ನೂ ಸಾಮಾನಿನ ಕಾಲನ್ನೂ ಒಟ್ಟಿಗೆ ಬಿಸಿ ಮಾಡಬೇಕು, ಎರಡು ಎಣಿಸಬೇಕು, ಆಮೇಲೆ ಸೀಸದ ತಂತಿಯನ್ನು ಕಡ್ಡಿಗಲ್ಲ, ಆ ಬಿಸಿಯಾದ ಜಾಗಕ್ಕೆ ಮುಟ್ಟಿಸಬೇಕು. ಕರಗಿದ್ದು ತಾನೇ ಹರಿದುಕೊಳ್ಳುತ್ತದೆ. ಇದನ್ನು ನಾನು ವರ್ಷಾ ವರ್ಷ ತರಗತಿಯಲ್ಲಿ ಹೇಳುತ್ತೇನೆ. ಆದರೆ ನನ್ನ ಕೈ ಎರಡು ಎಣಿಸುವುದಿಲ್ಲ. ಒಂದಕ್ಕೇ ಅವಸರ. ಹಾಗಾಗಿ ನನ್ನ ಬೆಸುಗೆಗಳು ಒಂದು ಉಬ್ಬು, ಒಂದು ತಗ್ಗು.

"ಸ್ವಲ್ಪ ಭೂತಗನ್ನಡಿ ಕೊಡು," ಎಂದೆ. ಚೆನ್ನಾಗಿದೆ ಎಂದು ಹೇಳಲು ಕೇಳಿದೆ ಎಂದು ಅವಳು ಅಂದುಕೊಂಡಿರಬೇಕು. ನಾನು ಹುಡುಕಿದ್ದು ತಪ್ಪನ್ನು. ಒಂದು ಬೆಸುಗೆಯಾದರೂ ಬಿರುಕು ಬಿಟ್ಟಿರಲಿ, ಒಂದು ಕಡೆಯಾದರೂ ಸೀಸ ಪಕ್ಕದ ಗೆರೆಗೆ ಅಂಟಿರಲಿ ಎಂದು ಸಾಲು ಸಾಲಾಗಿ ನೋಡಿದೆ. ಸಿಗಲಿಲ್ಲ.

"ಹೆಂಗೈತೆ ಬಾವ?" ಎಂದು ಅವಳ ಗಂಡ ಕೇಳಿದ. "ಊರಲ್ಲಿ ಎಲ್ರ ಸ್ಟೆಬಿಲೈಸರೂ ಈಗ ಇವಳತ್ರಾನೇ ಬರ್ತಾವೆ."

"ಪರವಾಗಿಲ್ಲ," ಎಂದೆ.

ಅವತ್ತು ಸಂಜೆ ಮನೆಗೆ ಬಂದವನೇ ಮೇಲಿನ ರೂಮಿಗೆ ಹೋಗಿ ಒಂದು ಖಾಲಿ ಬೋರ್ಡ್ ತೆಗೆದು ಬೆಸೆಯುತ್ತಾ ಕೂತೆ. ಮೂವತ್ತು ಬೆಸುಗೆ ಹಾಕಿದೆ. ಒಂದು ಸಾಲು ಚೆನ್ನಾಗಿ ಬಂದರೆ ಇನ್ನೊಂದು ಕೆಟ್ಟಿತು. ಹೆಂಡತಿ ಕಾಫಿ ತಂದವಳು ಇದೇನು ಮಾಡುತ್ತಿದ್ದೀರಿ ಎಂದಳು. ಏನೂ ಇಲ್ಲ ಎಂದೆ. ನಿಜ, ಆ ಬೋರ್ಡಿನ ಮೇಲೆ ಏನೂ ಇರಲಿಲ್ಲ, ಬರೀ ಸೀಸ.

ಅಲ್ಲಿಂದಾಚೆಗೆ ಎಲ್ಲಿ ಹೋದರೂ ತಂಗಿಯೇ ಎದುರಾಗತೊಡಗಿದಳು. ನಮ್ಮ ಮಿಕ್ಸಿ ನಿಂತುಹೋದಾಗ ನಾನು ಬಿಚ್ಚಿ ಮೇಜಿನ ಮೇಲೆ ಹರಡಿ, ಕಾಲೇಜಿನ ಕೆಲಸ ಬಂದು ಹಾಗೇ ಬಿಟ್ಟಿದ್ದೆ. ಹತ್ತು ದಿನ ನೋಡಿದ ಅಮ್ಮ, "ಅವಳತ್ರ ಕೊಟ್ಟು ಕಳಿಸ್ಲಾ. ಅವಳಾದ್ರೆ ಒಂದ್ ದಿನಕ್ ಮಾಡ್ಕೊಡ್ತಾಳೆ. ನಿಂದು ಬಿಚ್ಚೋದಷ್ಟೇ ಕಣ್ಲಾ," ಎಂದಳು. ಮಿಕ್ಸಿ ಸೂಳಗಿರಿಗೆ ಹೋಗಿ ಬಂತು. ಈಗಲೂ ತಿರುಗುತ್ತಿದೆ. ಅದು ತಿರುಗುವ ಸದ್ದಿಗೆ ಬೆಳಿಗ್ಗೆ ನನ್ನ ಮುಖ ಸಿಂಡರಿಸಿಕೊಳ್ಳುತ್ತಿತ್ತು.

ಹೊಸೂರು ಬಸ್ ಸ್ಟ್ಯಾಂಡಿನ ಹತ್ತಿರದ ಬಿಡಿಭಾಗಗಳ ಅಂಗಡಿಗೆ ನಾನು ಹದಿನೈದು ವರ್ಷದ ಗಿರಾಕಿ. ಅಲ್ಲಿನ ತಮಿಳಿನ ಅಂಗಡಿಯವನಿಗೆ ನಾನು 'ಸಾರ್'. ಒಂದು ದಿನ ಅವನು ಚೀಲಕ್ಕೆ ಸಾಮಾನು ಹಾಕುತ್ತಾ, "ನೇತ್ತು ಉಂಗ ತಂಗಚ್ಚಿ ವಂದಾಂಗ ಸಾರ್," ಎಂದ. ನಿನ್ನೆ ನಿಮ್ಮ ತಂಗಿ ಬಂದಿದ್ದರು ಎಂದು. ಆಮೇಲೆ ಅವಳ ಗುಣಗಾನ ಶುರುವಾಯಿತು. ಬರುವಾಗಲೇ ಕಾಗದದಲ್ಲಿ ಚಿತ್ರ ಬರೆದು ತರುತ್ತಾರೆ, ಏನು ಬೇಕೋ ಅಷ್ಟೇ ಕೇಳುತ್ತಾರೆ, ಇದಿಲ್ಲದಿದ್ದರೆ ಯಾವುದು ಆಗುತ್ತದೆ ಅಂತಲೂ ಬರೆದುಕೊಂಡಿರುತ್ತಾರೆ. ನಾನು ಅಂಗಡಿಯಲ್ಲಿ ನಿಂತು ಕಣ್ಣಿಗೆ ಕಂಡದ್ದನ್ನೆಲ್ಲ ಕೊಳ್ಳುವವನು. ನನ್ನ ಚೀಲ ಆಗಲೇ ತುಂಬಿತ್ತು. ಅದರಲ್ಲಿ ಯಾವುದು ಯಾತಕ್ಕೆ ಎಂದು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ.

ಆ ತಿಂಗಳೇ ನಾನು ಆಸಿಲೋಸ್ಕೋಪ್ ಕೊಂಡೆ. ಕರೆಂಟು ಹೇಗೆ ಏರಿಳಿಯುತ್ತದೆ ಎಂದು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರ. ಬಹಳ ದಿನದ ಆಸೆ ಎಂದು ಹೆಂಡತಿಗೆ ಹೇಳಿದೆ. ಆಸೆ ಇದ್ದದ್ದು ನಿಜ. ಆದರೆ ಆ ತಿಂಗಳು ಕೊಂಡದ್ದು ತಂಗಿಯ ಹತ್ತಿರ ಇರಲು ಸಾಧ್ಯವಿಲ್ಲದ ಒಂದು ವಸ್ತು ನನ್ನ ಹತ್ತಿರ ಇರಲಿ ಎಂದು. ಅವಳು ಬಂದಾಗ ಮೇಲಕ್ಕೆ ಕರೆದುಕೊಂಡು ಹೋಗಿ ತೋರಿಸಿದೆ. ಪರದೆಯ ಮೇಲೆ ಹಳದಿ ಗೆರೆ ಮೆಟ್ಟಿಲು ಮೆಟ್ಟಿಲಾಗಿ ನಿಂತಿತ್ತು. ಅವಳು ಕಣ್ಣರಳಿಸಿ ನೋಡಿದಳು. ನನಗೆ ಹಿತವಾಯಿತು.

"ಇದು ಯಾತರ ಗೆರೆ ಅಣ್ಣ?"

"ಇದು ಯಂತ್ರವೇ ಕೊಡುವ ಗೆರೆ. ಸರಿಯಾಗಿದೆಯಾ ಅಂತ ನೋಡಿಕೊಳ್ಳೋದಕ್ಕೆ."

"ಬೇರೆ ಏನೇನ್ ನೋಡ್ದೆ ಇದ್ರಾಗೆ?"

ಎರಡು ತಿಂಗಳಲ್ಲಿ ನಾನು ಬೇರೇನೂ ನೋಡಿರಲಿಲ್ಲ. "ನೋಡಬೇಕು," ಎಂದೆ. ಅವಳು ವ್ಯಂಗ್ಯಕ್ಕೆ ಕೇಳಿರಲಿಲ್ಲ, ಅವಳ ಸ್ವಭಾವದಲ್ಲಿ ಅದಿಲ್ಲ. ಆದರೆ ಅದು ಹೋಗಿ ನಾಟಿದ ಜಾಗ ಬಹಳ ದಿನ ಉರಿಯಿತು.

ಇಷ್ಟಾದ ಮೇಲೆ ಆ ಭಾನುವಾರ ಬಂತು. ಹಳೆಯ ಟೈಮರ್ ಸಾಲದೆಂದು ತಂಗಿ ತಾನೇ ಒಂದು ಹೊಸದನ್ನು ಮಾಡಿದ್ದಳು. ಒಂದು ಪುಟ್ಟ ಕಂಟ್ರೋಲರ್ ಚಿಪ್ಪು, ಸೆಕೆ ಎಷ್ಟಿದೆ ಎಂದು ಅಳೆಯುವ ಒಂದು ಸೆನ್ಸರ್, ನಿಮಿಷ ತೋರಿಸುವ ಪರದೆ. ಸೆಕೆ ಹೆಚ್ಚಾದಂತೆ ನೀರು ಬೀಳುವ ಅಂತರ ತಾನೇ ಕಡಿಮೆಯಾಗಬೇಕು. ಮೇಜಿನ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಮೋಟಾರಿಗೆ ಜೋಡಿಸಿದರೆ ಮಾತ್ರ, ಮೋಟಾರು ನಿಲ್ಲುವ ಕ್ಷಣಕ್ಕೆ ಪರದೆ ಒಂದು ಸಲ ಕಣ್ಣು ಮಿಟುಕಿಸಿ, ಲೆಕ್ಕವೆಲ್ಲ ಮರೆತು, ಮೊದಲಿನಿಂದ ಶುರುಮಾಡುತ್ತದೆ. ಕೆಲವು ಸಲ ಹಾಗೇ ಮರಗಟ್ಟಿ ನಿಂತುಬಿಡುತ್ತದೆ.

ಅವಳ ನೋಟ್ ಬುಕ್ಕೂ ಜೊತೆಯಲ್ಲಿತ್ತು. ಪ್ರತಿ ಪುಟದಲ್ಲಿ ಎರಡು ಕಾಲಂ. ಎಡಗಡೆ, ಈ ಜಾಗದಲ್ಲಿ ಎಷ್ಟು ವೋಲ್ಟ್ ಇರಬೇಕು ಎಂದು ತನ್ನ ಊಹೆ. ಬಲಗಡೆ, ಅಳೆದಾಗ ಸಿಕ್ಕಿದ್ದು.

"ಮೊದ್ಲೇ ಬರ್ಕೊಂಡಿಲ್ದಿದ್ರೆ ಮೀಟರ್ ಏನ್ ತೋರಿಸ್ತೋ ಅದೇ ಸರಿ ಅನ್ನಿಸ್ಬುಡ್ತದೆ ಅಣ್ಣ," ಎಂದಳು. "ನೋಡು, ಎಲ್ಲಾ ಸರಿಯಾಗೇ ಐತೆ. ಆದ್ರೂ ಹಿಂಗಾಗ್ತದೆ. ನಿಂಗೇನಾದ್ರೂ ಗೊತ್ತಾಯ್ತದಾ?"

ಗೊತ್ತಾಯಿತು. ಮೋಟಾರನ್ನು ಹಾಕಿ ತೆಗೆಯುವುದು ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚು. ಅದರೊಳಗೊಂದು ಸುರುಳಿ. ಆ ಸುರುಳಿಗೆ ಹೋಗುವ ಕರೆಂಟನ್ನು ತಟ್ಟನೆ ತಪ್ಪಿಸಿದಾಗ ಅದು ಒಂದು ದೊಡ್ಡ ಒದೆ ಕೊಡುತ್ತದೆ. ಒದೆ ತಂತಿಗಳ ಮೂಲಕ ಚಿಪ್ಪಿನವರೆಗೂ ಬರುತ್ತದೆ, ಚಿಪ್ಪು ತಲೆ ತಿರುಗಿ ಬೀಳುತ್ತದೆ. ಸುರುಳಿಯ ಎರಡು ತುದಿಗೆ ಒಂದು ಕೆಪಾಸಿಟರ್, ಒಂದು ರೆಸಿಸ್ಟರಿನ ಜೋಡಿ ಕಟ್ಟಬೇಕು. ಚಿಪ್ಪಿನ ಕಾಲಬುಡದಲ್ಲೇ ಇನ್ನೊಂದು ಚಿಕ್ಕ ಕೆಪಾಸಿಟರ್ ಇಡಬೇಕು. ಮೋಟಾರಿನ ತಂತಿಯನ್ನೂ ಸೆನ್ಸರಿನ ತಂತಿಯನ್ನೂ ಒಂದೇ ಪೈಪಿನಲ್ಲಿ ಎಳೆಯಬಾರದು. ನೋಟ್ ಬುಕ್ಕಿನಲ್ಲಿದ್ದ ಅವಳ ಚಿತ್ರದ ಪ್ರಕಾರ ಮೂರೂ ಅವಳು ಮಾಡಿರಲಿಲ್ಲ. ಮೂರೂ ನನ್ನ ನಾಲಿಗೆಯ ತುದಿಗೆ ಬಂದಿದ್ದವು.

ಬೋರ್ಡನ್ನು ತಿರುಗಿಸಿ ನೋಡಿದೆ. ಅದೇ ಹೊಳೆಯುವ ಬೆಸುಗೆ. ಅಡಿಗೆಮನೆಯಲ್ಲಿ ಅಮ್ಮ ಮಿಕ್ಸಿ ತಿರುಗಿಸುತ್ತಿದ್ದಳು.

"ಗೊತ್ತಾಗುತ್ತಿಲ್ಲ ಕಣಮ್ಮ," ಎಂದೆ. "ಈ ಚಿಪ್ಪುಗಳೇ ಅಷ್ಟು, ಅಗ್ಗದ ಮಾಲು. ನರ್ಸರಿಯಂಥ ಜಾಗಕ್ಕೆ ಇವೆಲ್ಲ ತಡೆಯಲ್ಲ. ಸುಮ್ಮನೆ ಯಾಕೆ ಕಷ್ಟಪಡ್ತೀಯ, ರೆಡಿಮೇಡ್ ಒಂದು ತರಿಸಿಬಿಡು."

"ಹೌದಾ," ಎಂದಳು. ಬೋರ್ಡನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಂಡಳು. ಅವಳ ಮುಖ ಸಣ್ಣದಾಯಿತು. ನನಗೆ ಆ ಕ್ಷಣ ಏನನ್ನಿಸಿತು ಎಂದು ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಹಗುರ ಅನ್ನಿಸಿತು. ಬಹಳ ದಿನದ ಮೇಲೆ ನಾನು ಮೇಷ್ಟ್ರು, ಅವಳು ನನ್ನ ತಂಗಿ ಎಂದು ಇಬ್ಬರೂ ನಮ್ಮ ನಮ್ಮ ಜಾಗಕ್ಕೆ ಬಂದು ಕೂತಂತಾಯಿತು.

ಆ ಹಗುರ ಎರಡು ದಿನ ಬಾಳಿತು. ಆಮೇಲೆ ಅವಳು ಫೋನ್ ಮಾಡುತ್ತಾಳೇನೋ ಎಂದು ಕಾಯತೊಡಗಿದೆ. ಇನ್ನೊಂದು ಸಲ ಕೇಳಿದರೆ ಹೇಳಿಬಿಡೋಣ ಎಂದುಕೊಂಡೆ. ನಾನೇ ಫೋನ್ ಮಾಡಿ ಹೇಳಬಹುದಿತ್ತು. ಎರಡು ಸಲ ಅವಳ ನಂಬರ್ ತೆಗೆದು ಮತ್ತೆ ಇಟ್ಟೆ. ಗೊತ್ತಿಲ್ಲ ಎಂದವನಿಗೆ ಈಗ ಹೇಗೆ ಗೊತ್ತಾಯಿತು ಎಂದು ಕೇಳಿದರೆ ಏನನ್ನಲಿ ಎಂಬ ಯೋಚನೆ.

ಮೂರನೆಯ ವಾರ ಅಮ್ಮ ಫೋನಿನಲ್ಲಿ ಮಾತಾಡಿ ಬಂದು, "ಪಾಪ, ಅವಳ ಸಸಿ ಎಲ್ಲಾ ಹೋಗ್ಬುಟ್ಟವಂತೆ ಕಣ್ಲಾ," ಎಂದಳು. ಗಂಡ ಹೆಂಡತಿ ಇಬ್ಬರೂ ಒಂದು ಮದುವೆಗೆ ಹೋಗಿದ್ದರಂತೆ. ಅವಳು ಮಾಡಿದ ಆ ಹೊಸ ಡಬ್ಬಿ ಲೆಕ್ಕ ಮರೆತು, ಮತ್ತೆ ಮೋಟಾರು ಹಾಕಿ, ಹಾಗೇ ಮರಗಟ್ಟಿ ನಿಂತು, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ ನೀರು ಸುರಿದಿದೆ. ನಾಲ್ಕು ದಿನದಲ್ಲಿ ಟೊಮೇಟೊ ಸಸಿಗಳ ಕಾಂಡ ಬುಡದಲ್ಲಿ ಕಪ್ಪಾಗಿ, ಒಂದರ ಮೇಲೊಂದು ಮಲಗಿವೆ. ಬುಧವಾರ ಸಸಿ ಒಯ್ಯಲು ಬಂದ ರೈತನನ್ನು ವಾಪಸ್ ಕಳಿಸಿದರಂತೆ.

ನಾನು ಊಟಕ್ಕೆ ಕೂತಿದ್ದೆ. ತಟ್ಟೆ ಬದಿಗೆ ಸರಿಸಿ ಎದ್ದೆ. ಹೊಟ್ಟೆಕಿಚ್ಚು ಎಂದರೆ ಪಡುವವನ ಹೊಟ್ಟೆಯನ್ನು ಮಾತ್ರ ಸುಡುತ್ತದೆ ಎಂದು ಅಲ್ಲಿಯವರೆಗೆ ತಿಳಿದಿದ್ದೆ.

ಭಾನುವಾರ ಬೆಳಿಗ್ಗೆ ನನ್ನ ಡ್ರಾಯರುಗಳಿಂದ ಬೇಕಾದ ಕೆಪಾಸಿಟರುಗಳು, ರೆಸಿಸ್ಟರು ಹುಡುಕಿ ತೆಗೆದು ಒಂದು ಲಕೋಟೆಗೆ ಹಾಕಿ, ಶರ್ಟಿನ ಜೇಬಿನಲ್ಲಿಟ್ಟುಕೊಂಡು ಸ್ಕೂಟರಿನಲ್ಲಿ ಹೊರಟೆ. ಹೈವೇ ಉದ್ದಕ್ಕೂ ಮಾತು ಜೋಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಒಂದು ಪುಸ್ತಕದಲ್ಲಿ ನೋಡಿದೆ ಎನ್ನುವುದು ಒಂದು ದಾರಿ. ಸೂಳಗಿರಿಯ ತಿರುವು ಬರುವ ಹೊತ್ತಿಗೆ ಆ ಸುಳ್ಳನ್ನೇ ಹೇಳುವುದೆಂದು ತೀರ್ಮಾನಿಸಿದ್ದೆ.

ನರ್ಸರಿಯಲ್ಲಿ ತಂಗಿ ಮೋಟಾರಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿದ್ದಳು. ಕೈಯಲ್ಲಿ ಒಂದು ಹಳೆಯ ರೇಡಿಯೊ, ಅವಳ ಮಾವ ಮಧ್ಯಾಹ್ನ ನೆರಳಿನಲ್ಲಿ ಕೂತು ಕೇಳುವಂಥದ್ದು. ನನ್ನನ್ನು ಕಂಡು ಮುಖ ಅರಳಿತು.

"ಬಾ ಅಣ್ಣ, ಬಾ. ಸರಿಯಾದ ಟೈಮಿಗ್ ಬಂದೆ. ಸಿಕ್ಬುಡ್ತು."

"ಏನು ಸಿಕ್ಕಿತು?"

"ಅದೇ, ರೋಗ. ಮೊನ್ನೆ ಮಾವ ಇಲ್ ಕೂತ್ಕೊಂಡು ರೇಡಿಯೊ ಕೇಳ್ತಿದ್ರು. ಮೋಟ್ರು ನಿಂತಾಗೆಲ್ಲ ರೇಡಿಯೊ ಟಪ್ ಅನ್ನೋದು. ಅದೇ ಹೊತ್ಗೆ ಡಬ್ಬಿ ಕಣ್ ಮಿಟುಕ್ಸೋದು. ಎರಡ್ಕೂ ಒಂದೇ ಏಟು ಬೀಳ್ತೈತೆ ಅನ್ನಿಸ್ತು."

ಅವಳು ರೇಡಿಯೊವನ್ನು ಸ್ಟೇಷನ್ ಇಲ್ಲದ ಜಾಗಕ್ಕೆ ತಿರುಗಿಸಿ, ತಂತಿಗಳ ಉದ್ದಕ್ಕೂ ಹಿಡಿದುಕೊಂಡು ನಡೆದಿದ್ದಳಂತೆ, ಗಂಡನಿಗೆ ಮೋಟಾರು ಹಾಕು, ತೆಗೆ ಎನ್ನುತ್ತಾ. ಸದ್ದು ಎಲ್ಲಿ ಜೋರು, ಎಲ್ಲಿ ಕಡಿಮೆ ಎಂದು ನೋಟ್ ಬುಕ್ಕಿನಲ್ಲಿ ಬರೆದಿದ್ದಳು. ಕಾಂಟ್ಯಾಕ್ಟರಿನ ಹತ್ತಿರ ಅತಿ ಜೋರು. ಸೆನ್ಸರಿನ ತಂತಿ ಮೋಟಾರಿನ ತಂತಿಯ ಜೊತೆ ಓಡುವ ಪೈಪಿನ ಹತ್ತಿರವೂ ಜೋರು. ಮೊದಲು ತಂತಿಗಳನ್ನು ಬೇರೆ ಮಾಡಿದಳು, ಸದ್ದು ಇಳಿಯಿತು. ಸುರುಳಿಗೆ ಏನಾದರೂ ಕಟ್ಟಬೇಕು ಎಂದು ತೆಲುಗಿನವರ ವಿಡಿಯೊಗಳಲ್ಲಿ ಹುಡುಕಿ, ಹೊಸೂರಿನ ಅಂಗಡಿಯವನನ್ನು ಕೇಳಿ, ತಂದು ಕಟ್ಟಿದಳು. ನಿನ್ನೆಯಿಂದ ಡಬ್ಬಿ ಒಂದು ಸಲವೂ ಮಿಟುಕಿಸಿಲ್ಲ.

"ನೋಡು ಈಗ," ಎಂದು ಸ್ವಿಚ್ ತೆಗೆದಳು. ಮೋಟಾರು ನಿಂತಿತು. ರೇಡಿಯೊ ಚಿಟ್ ಎಂದಿತು, ಅಷ್ಟೇ.

ನಾನು ನಿಂತಲ್ಲೇ ನಿಂತಿದ್ದೆ. ಇಪ್ಪತ್ತು ವರ್ಷ ಎಲೆಕ್ಟ್ರಾನಿಕ್ಸ್ ಪಾಠ ಮಾಡಿದವನಿಗೆ, ಮನೆಯಲ್ಲಿ ಆಸಿಲೋಸ್ಕೋಪ್ ಇಟ್ಟುಕೊಂಡವನಿಗೆ, ಆ ಒದೆಯನ್ನು ರೇಡಿಯೊದಿಂದ ಮೂಸಿ ನೋಡಬಹುದು ಎಂದು ಹೊಳೆದೇ ಇರಲಿಲ್ಲ. ಅಷ್ಟು ತಪ್ಪಿತಸ್ಥನಾಗಿ ಬಂದಿದ್ದರೂ ಮೊದಲು ಎದ್ದದ್ದು ಅದೇ ಹಳೆಯ ಉರಿ. ಯಾಕೋ ಆಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ದಾರಿಯಲ್ಲಿ ಜೋಡಿಸಿದ ಸುಳ್ಳು ಈಗ ಬೇಕಾಗಿಯೇ ಇರಲಿಲ್ಲ, ಸುಮ್ಮನೆ ಮೆಚ್ಚಿ ಊಟ ಮಾಡಿ ಹೊರಟುಬಿಡಬಹುದಿತ್ತು. ಜೇಬಿನಿಂದ ಲಕೋಟೆ ತೆಗೆದು ಮೇಜಿನ ಮೇಲಿಟ್ಟೆ.

ಅವಳು ಅದನ್ನು ಅಂಗೈಗೆ ಸುರಿದುಕೊಂಡಳು. ಕೆಪಾಸಿಟರಿನ ಮೇಲಿನ ಅಂಕಿ ಓದಿದಳು, ತಾನು ಕಟ್ಟಿದ್ದರ ಕಡೆ ನೋಡಿದಳು.

"ಇದನ್ನೇ ಕಟ್ಟೋಕ್ ತಂದ್ಯಾ?"

"ಹೂಂ."

"ಯಾವಾಗ್ ಗೊತ್ತಾಯ್ತು?"

"ಆವತ್ತೇ. ನೀನು ತಂದು ತೋರಿಸಿದ ದಿನವೇ."

ಅವಳು ಅಂಗೈಯಲ್ಲಿದ್ದವನ್ನು ಒಂದೊಂದಾಗಿ ಲಕೋಟೆಗೆ ವಾಪಸ್ ಹಾಕಿದಳು.

"ಮತ್ಯಾಕ್ ಯೋಳ್ಲಿಲ್ಲ?"

"ನೀನು ನನಗಿಂತ ಚೆನ್ನಾಗಿ ಮಾಡ್ತಿದ್ದೆ. ನೋಡಕ್ಕಾಗ್ಲಿಲ್ಲ ಕಣಮ್ಮ."

"ಹೊಟ್ಟೆಕಿಚ್ಚಾ? ನನ್ ಮೇಲಾ?"

ಅವಳು ಕೇಳಿದ ರೀತಿಯಲ್ಲಿ ಕೋಪಕ್ಕಿಂತ ಆಶ್ಚರ್ಯವೇ ಹೆಚ್ಚಿತ್ತು. ನಾನು ತಲೆಯಾಡಿಸಿದೆ. ಕೋಪ ಆಮೇಲೆ ಬಂತು, ನಿಧಾನವಾಗಿ.

"ಮೂವತ್ತು ಟ್ರೇ ಹೋದ್ವು ಅಣ್ಣ. ಕೊಳ್ತಿದ್ದನ್ನ ಕಿತ್ತು ಆ ಟ್ರೇ ತೊಳ್ದಿದ್ದು ನಾನೊಬ್ಳೇ ಅಲ್ಲ. ಕೆಲ್ಸಕ್ ಬರೋ ಹೆಂಗಸ್ರು ಮೂರು ಜನ ಎರಡು ದಿನ ಕೂತ್ಕೊಂಡ್ ತೊಳುದ್ರು. ಒಂದೊಂದು ಗುಣೀನೂ. ಅವರ್ಗೂ ಯೋಳ್ತೀಯಾ, ಯಾಕ್ ಹಿಂಗಾಯ್ತು ಅಂತ?"

"ಉಣ್ಕೊಂಡೋಗು," ಎಂದು ಹೇಳಿ ಅವಳು ಪರದೆಯ ಕೆಳಗೆ ಸಾಲುಗಳ ಕಡೆ ಹೊರಟುಹೋದಳು. ಅವಳ ಗಂಡ ಬಡಿಸಿದ. ಅವನಿಗೆ ಏನೂ ಗೊತ್ತಿರಲಿಲ್ಲ, ರೇಡಿಯೊದ ಕಥೆಯನ್ನೇ ಮತ್ತೊಮ್ಮೆ ಹೆಮ್ಮೆಯಿಂದ ಹೇಳಿದ. ತಂಗಿ ಊಟಕ್ಕೆ ಬರಲಿಲ್ಲ.

ಎರಡು ತಿಂಗಳು ಅವಳು ನನ್ನೊಂದಿಗೆ ಮಾತಾಡಲಿಲ್ಲ. ಅಮ್ಮನಿಗೆ ಫೋನ್ ಮಾಡುತ್ತಿದ್ದಳು, ನನ್ನನ್ನು ಕೊಡು ಎನ್ನುತ್ತಿರಲಿಲ್ಲ. ಅಮ್ಮನಿಗೆ ಅನುಮಾನ ಬಂದು, "ಏನ್ಲಾ ಆಗೈತೆ ನಿಮ್ಮಿಬ್ರಿಗೆ?" ಎಂದು ಕೇಳಿದಳು. ಹೇಳಿದೆ. ಅಮ್ಮ, "ಓದ್ಸಿದ್ದು ನಿನ್ನೊಬ್ಬನ್ನೇ. ಅದೂ ಸಾಲ್ದೇನ್ಲಾ?" ಎಂದು ಒಳಗೆ ಹೋದಳು. ಹೆಂಡತಿಗೂ ಹೇಳಿದೆ. ಅವಳು ಚೀಲ ತೆಗೆದುಕೊಂಡು ಬ್ಯಾಂಕಿಗೆ ಹೊರಟಳು. ಅದು ಅಮ್ಮನ ಮಾತಿಗಿಂತ ಕಷ್ಟವಾಯಿತು.

ಆ ಎರಡು ತಿಂಗಳಲ್ಲಿ ನಾನು ಮೇಜಿನ ಕೆಳಗಿನ ಡಬ್ಬ ಎಳೆದು, ಅರ್ಧಕ್ಕೆ ಬಿಟ್ಟಿದ್ದವುಗಳಲ್ಲಿ ಎರಡನ್ನು ಮುಗಿಸಿದೆ. ನೋಟ್ ಬುಕ್ಕಿನಲ್ಲಿ ಎರಡು ಕಾಲಂ ಎಳೆದು, ಅಳೆಯುವ ಮುಂಚೆ ಊಹೆ ಬರೆಯುವುದನ್ನು ಅಭ್ಯಾಸ ಮಾಡಿಕೊಂಡೆ. ಎಷ್ಟು ವಿಷಯ ನನಗೆ ಗೊತ್ತಿದೆ ಎಂದುಕೊಂಡಿದ್ದೆನೋ ಅದರಲ್ಲಿ ಎಷ್ಟು ಗೊತ್ತಿಲ್ಲ ಎಂದು ಆ ಎಡಗಡೆಯ ಕಾಲಂ ತೋರಿಸಿತು. ಕಾಲೇಜಿನಲ್ಲೂ ವಿದ್ಯಾರ್ಥಿಗಳಿಗೆ ಅದನ್ನೇ ಮಾಡಲು ಹೇಳಿದೆ. ಯಾರಿಂದ ಕಲಿತೆ ಎಂದು ಮೊದಲ ಸಲ ಹೇಳಲಿಲ್ಲ. ಎರಡನೆಯ ತರಗತಿಗೆ ಹೇಳಿದೆ.

ಕೊನೆಗೆ ಅವಳೇ ಫೋನ್ ಮಾಡಿದಳು. ಮಾತು ಚುಟುಕು.

"ಆ ಗೆರೆ ತೋರ್ಸೋ ಮೆಷಿನ್ನು ತಕ್ಕೊಂಡ್ ಬತ್ತೀಯಾ? ಪಕ್ಕದೂರಿನ ನರ್ಸರಿಯೋರ್ದು ಒಂದು ಡಬ್ಬಿ ಬಂದೈತೆ. ಅದ್ಕೆ ರೇಡಿಯೊ ಸಾಲಲ್ಲ."

"ಬರ್ತೀನಿ," ಎಂದೆ. ಆಸಿಲೋಸ್ಕೋಪನ್ನು ಅದರ ಪೆಟ್ಟಿಗೆಯಲ್ಲೇ ಇಟ್ಟು, ಸ್ಕೂಟರಿನ ಮುಂದೆ ಕಾಲಿನ ನಡುವೆ ಇರಿಸಿಕೊಂಡು ಹೋದೆ.

ಅವತ್ತು ನನ್ನಿಂದ ಅವಳಿಗೆ ನಿಜವಾಗಿ ಒಂದು ಉಪಯೋಗವಾಯಿತು. ಒಂದೇ ಸಲ ಬಂದು ಮಾಯವಾಗುವ ಒದೆಯನ್ನು ಯಂತ್ರ ಹಿಡಿದು ನಿಲ್ಲಿಸುವಂತೆ ಮಾಡುವುದು ಹೇಗೆ ಎಂದು ತೋರಿಸಿದೆ. ಗೆರೆ ಇಷ್ಟು ಎತ್ತರ ದಾಟಿದರೆ ಆ ಕ್ಷಣವನ್ನು ಹಿಡಿ ಎಂದು ಮೊದಲೇ ಹೇಳಿಟ್ಟರೆ ಸಾಕು. ಕಂಟ್ರೋಲರಿಗೆ ಹೋಗುವ ಐದು ವೋಲ್ಟಿನ ತಂತಿಗೆ ಯಂತ್ರದ ಅಳೆಯುವ ಕಡ್ಡಿ ಸಿಕ್ಕಿಸಿದೆವು. ಸ್ವಿಚ್ ಒತ್ತುವ ಮುಂಚೆ ಅವಳು ನೋಟ್ ಬುಕ್ ತೆಗೆದು ತನ್ನ ಊಹೆ ಬರೆದಳು. ಆಮೇಲೆ ಸ್ಕೇಲ್ ಇಟ್ಟು ಇನ್ನೊಂದು ಗೆರೆ ಎಳೆದು, ಮೇಲೆ 'ಅಣ್ಣ' ಎಂದು ಬರೆದು, ಪೆನ್ನನ್ನು ನನ್ನ ಕೈಗೆ ಕೊಟ್ಟಳು.

ನಾನೂ ಬರೆದೆ. ಮೋಟಾರು ನಿಂತಾಗ ಪರದೆಯ ಮೇಲೆ ಸೂಜಿಯಂಥ ಗೆರೆ ಎದ್ದು ನಿಂತಿತು. ಅವಳ ಊಹೆ ನನ್ನದಕ್ಕಿಂತ ಹತ್ತಿರವಿತ್ತು. ಅವಳು ಬಲಗಡೆ ಅಂಕಿ ತುಂಬಿದಳು. ಕೆಲಸಕ್ಕೆ ಬಂದ ಮೂವರು ಹೆಂಗಸರು ಅಲ್ಲೇ ಟ್ರೇಗೆ ತೆಂಗಿನ ನಾರಿನ ಪುಡಿ ತುಂಬುತ್ತಿದ್ದರು. ಹೊರಡುವ ಮುಂಚೆ ಅವರ ಹತ್ತಿರ ಹೋಗಿ, ಆವತ್ತು ಸಸಿ ಕೊಳೆತದ್ದರಲ್ಲಿ ನನ್ನ ತಪ್ಪೂ ಇತ್ತು, ಗೊತ್ತಿದ್ದೂ ಹೇಳಿರಲಿಲ್ಲ ಎಂದೆ. ಅವರಿಗೆ ಪೂರ್ತಿ ಅರ್ಥವಾಗಲಿಲ್ಲ. ಹಿರಿಯಾಕೆ, "ಹೋಗ್ಲಿ ಬಿಡಿ ಸಾಮಿ," ಎಂದು ಕೆಲಸ ಮುಂದುವರಿಸಿದಳು. ತಂಗಿ ದೂರದಿಂದ ನೋಡುತ್ತಿದ್ದಳು. ಅವತ್ತು ಊಟಕ್ಕೆ ಪಕ್ಕದಲ್ಲಿ ಕೂತಳು.

ಈಗ ತಿಂಗಳಿಗೊಂದು ಭಾನುವಾರ ಹೋಗುತ್ತೇನೆ. ಆಸಿಲೋಸ್ಕೋಪ್ ಅಲ್ಲೇ ಇದೆ, ಧೂಳು ಕೂರದಂತೆ ಅವಳು ಅದಕ್ಕೊಂದು ಬಟ್ಟೆ ಹೊಲಿದಿದ್ದಾಳೆ. ನನ್ನ ಬೆಸುಗೆ ಸ್ವಲ್ಪ ಸುಧಾರಿಸಿದೆ. ಅವಳದರ ಪಕ್ಕ ಇಟ್ಟರೆ ಈಗಲೂ ಯಾವುದು ಯಾರದ್ದೆಂದು ಯಾರಾದರೂ ಹೇಳುತ್ತಾರೆ. ಹೊಟ್ಟೆಕಿಚ್ಚು ಹೋಗಿದೆ ಎಂದರೆ ಸುಳ್ಳಾಗುತ್ತದೆ.

ಹೋದ ತಿಂಗಳು ಬಾಗಲೂರು ಕಡೆಯ ಒಬ್ಬರು ಕಾಲೇಜಿಗೆ ಫೋನ್ ಮಾಡಿದ್ದರು. ಹೂವಿನ ತೋಟಕ್ಕೆ ಇಂಥದೇ ಡಬ್ಬಿ ಬೇಕಂತೆ, ಯಾರೋ ನನ್ನ ಹೆಸರು ಹೇಳಿದರಂತೆ, ನೀವೇ ಮಾಡಿಕೊಡುತ್ತೀರಾ ಎಂದು ಕೇಳಿದರು. ವಿಚಾರಿಸಿ ಹೇಳುತ್ತೇನೆ ಎಂದೆ. ವಿಚಾರಿಸುವುದು ಏನೂ ಇರಲಿಲ್ಲ. ಮಧ್ಯಾಹ್ನ ಎರಡು ತರಗತಿ ಮುಗಿಸಿ, ಟೀ ಕುಡಿದು, ಆಮೇಲೆ ಅವರಿಗೆ ಫೋನ್ ಮಾಡಿ ತಂಗಿಯ ನಂಬರ್ ಕೊಟ್ಟೆ.